ಹನ್ನೊಂದನೇ ವಾರ್ಡಿನ ಹದಿನೈದನೇ ಅಭಿಪ್ರಾಯ

ಹನ್ನೊಂದನೇ ವಾರ್ಡಿನ ನಾಲ್ಕು ಸಾವಿರದ ಇನ್ನೂರ ಹನ್ನೆರಡು ವಯಸ್ಕರ ಪೈಕಿ ನಾಲ್ಕು ಸಾವಿರದ ಇನ್ನೂರ ಹನ್ನೊಂದು ಮಂದಿಗೆ ಫೋನು ಮತ್ತು ಇಂಟರ್ನೆಟ್ಟಿನ ಬಗ್ಗೆ ಅಭಿಪ್ರಾಯವಿದೆ, ಒಬ್ಬರಿಗೆ ಮಾತ್ರ ಇಲ್ಲ ಎಂಬುದು ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಅಧಿಕೃತವಾಗಿ ದೃಢಪಟ್ಟಿತು. ಅಭಿಪ್ರಾಯ ನೋಂದಣಿ ಇಲಾಖೆಯ ಇತಿಹಾಸದಲ್ಲಿ ಇಂಥದ್ದು ಹಿಂದೆಂದೂ ನಡೆದಿರಲಿಲ್ಲ. ಜನರ ಬಳಿ ಅಭಿಪ್ರಾಯ ವಿಪರೀತವಾಗಿ ಇಲಾಖೆ ಕಂಗಾಲಾದದ್ದುಂಟು. ಯಾರ ಬಳಿಯಾದರೂ ಕಡಿಮೆ ಬಿದ್ದದ್ದು ಇದೇ ಮೊದಲು.

ಇಲಾಖೆಯ ಕೆಲಸ ಏನೆಂದು ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಫೋನಿನ ಬಗ್ಗೆ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯ ಇರುತ್ತದೆ, ಅದು ಮನೆ, ಬಸ್ಸು, ಕ್ಷೌರದಂಗಡಿಗಳಲ್ಲಿ ಸುಮ್ಮನೆ ವ್ಯರ್ಥವಾಗುತ್ತಿದೆ, ಅದನ್ನು ದಾಖಲೆಗೆ ತರಬೇಕು ಎಂಬ ಘನ ಉದ್ದೇಶದಿಂದ ಇದು ಸ್ಥಾಪನೆಯಾಯಿತು. ಮೊದಲ ವರ್ಷ ಜನರಿಗೆ ಖಾಲಿ ಹಾಳೆ ಕೊಟ್ಟು ಬರೆಯಿರಿ ಅಂದರು. ಜನ ಹಾಳೆ ಹರಿಯುವ ತನಕ ಬರೆದರು. ನಿವೃತ್ತ ಸ್ಟೇಷನ್ ಮಾಸ್ಟರೊಬ್ಬರು ಚಾರ್ಜರ್ ವೈರಿನ ಬಗ್ಗೆಯೇ ಮೂವತ್ತೆಂಟು ಪುಟ ಬರೆದು, ಹಿಂಬದಿಗೆ 'ಮುಂದುವರಿಯುವುದು' ಎಂದು ಸಹಿ ಹಾಕಿದರು. ಎರಡು ಲಕ್ಷ ಹಾಳೆಗಳನ್ನು ಏಳು ಜನರ ಸಮಿತಿ ಹನ್ನೊಂದು ತಿಂಗಳು ಕೂತು ಓದಿತು. ಒಂದೇ ಥರದ್ದನ್ನೆಲ್ಲ ಒಟ್ಟಿಗೆ ಸೇರಿಸುತ್ತಾ ಹೋದ ಮೇಲೆ ಕೊನೆಗೆ ಉಳಿದದ್ದು ಹದಿನಾಲ್ಕು. ತಮ್ಮ ಸ್ವಂತದ್ದೆಂದು ನಂಬಿಕೊಂಡಿದ್ದ ಅಭಿಪ್ರಾಯ ಆರನೇ ನಂಬರಿನಲ್ಲಿ ಮೂವತ್ತು ಸಾವಿರ ಜನರ ಜೊತೆ ಕೂತಿರುವುದನ್ನು ಕಂಡು ಸಮಿತಿಯ ಅಧ್ಯಕ್ಷರು ಒಂದು ವಾರ ಊಟ ಬಿಟ್ಟರಂತೆ.

ಎರಡನೇ ವರ್ಷದಿಂದ ಬರೆಯುವ ಗೊಡವೆಯೇ ಇಲ್ಲ. ಮಾನ್ಯತೆ ಪಡೆದ ಹದಿನಾಲ್ಕು ಅಭಿಪ್ರಾಯಗಳಲ್ಲಿ ಒಂದನ್ನು ಆರಿಸಿಕೊಂಡರಾಯಿತು. ಹನ್ನೊಂದನೇ ವಾರ್ಡಿನ ಗುಮಾಸ್ತ ಟ್ಯಾಬ್ಲೆಟ್ ಹಿಡಿದು ಮನೆ ಮನೆಗೆ ಹೋದಾಗ ಜನ ಬಾಗಿಲಲ್ಲೇ ಕಾದಿರುತ್ತಿದ್ದರು. "ನಂದು ನಾಲ್ಕನೇ ನಂಬರ್ ಬರ್ಕೊಳಿ, ನಾನಂತೂ ಬರೀ ಕೆಲಸಕ್ಕೆ ಬಳಸೋದು," ಅಂದ ಟೈಲರ್, ಬೆಕ್ಕೊಂದು ಪಿಯಾನೋ ಮೇಲೆ ನಡೆದಾಡುವ ವಿಡಿಯೋದಿಂದ ಕಣ್ಣು ಕೀಳದೆ. ಅವನ ತಾಯಿ ಎರಡನೇ ನಂಬರ್ ತೆಗೆದುಕೊಂಡರು: ಹಳೇ ಫೋನೇ ಗಟ್ಟಿ, ಮಹಡಿಯಿಂದ ಬಿದ್ದರೂ ನೆಲಕ್ಕೇ ಪೆಟ್ಟು. ಅವನ ಹೆಂಡತಿ ಒಂಬತ್ತನೇದು: ನಾವು ಮಾತಾಡೋದನ್ನೆಲ್ಲ ಅದು ಕದ್ದು ಕೇಳುತ್ತೆ. ಇದನ್ನು ಮಾತ್ರ ಆಕೆ ಫೋನನ್ನು ಒಳಕೋಣೆಯಲ್ಲಿ ದಿಂಬಿನ ಕೆಳಗಿಟ್ಟು ಬಂದು, ಪಿಸುದನಿಯಲ್ಲಿ ಹೇಳಿದಳು.

ಮೀನ ಮೇಷ ಎಣಿಸುವವರೂ ಇದ್ದರು. "ಒಂದನೇದೂ ಸರಿ, ಹನ್ನೆರಡನೇದೂ ಸರಿ, ತಾಳಿ ನಮ್ಮ ಭಾವನ್ನ ಒಂದ್ಮಾತು ಕೇಳ್ತೀನಿ" ಎನ್ನುವವರು. ಅಂಥವರ ಮುಂದೆ ಗುಮಾಸ್ತ ಬಿಸಿಲಲ್ಲಿ ನಿಂತು ನಿಂತು ಸಾಕಾಗಿ, ಏಳನೇ ನಂಬರನ್ನು ಒತ್ತಿಬಿಡುತ್ತಿದ್ದ. ಏಳನೇದು ಹೀಗಿತ್ತು: 'ಈಗೆಲ್ಲ ಕೂತಲ್ಲೇ ಆಗುತ್ತೆ, ಎಲ್ಲಿಗೂ ಹೋಗಬೇಕಾಗಿಲ್ಲ.' ಅದರ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ. ಟ್ಯಾಬ್ಲೆಟ್ಟನ್ನು ಒಂದೇ ಕೈಯಲ್ಲಿ ಹಿಡಿದರೆ ಹೆಬ್ಬೆರಳಿಗೆ ನೇರವಾಗಿ ಸಿಗುತ್ತಿದ್ದದ್ದು ಏಳು. ಇಷ್ಟೇ ಕಾರಣ. ಯಾರೂ ಆಕ್ಷೇಪಿಸಲಿಲ್ಲ, ಕೆಲವರು ಧನ್ಯವಾದವನ್ನೂ ಹೇಳಿದರು.

ಹೀಗೆ ಆತುರ ಪಡುವುದಕ್ಕೆ ಗುಮಾಸ್ತನಿಗೆ ಕಾರಣವಿತ್ತು. ಅವನ ಹೆಂಡತಿ ಬಸ್ಸಿನಲ್ಲಿ ಒಂಬತ್ತು ಗಂಟೆ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ನಾಲ್ಕು ವರ್ಷದ ಮಗಳು ಪುಟ್ಟಿ ಅವಳ ಜೊತೆಗಿದ್ದಳು. ಮೂರು ವರ್ಷದಿಂದ ಗಂಡ ಇಲ್ಲಿ, ಹೆಂಡತಿ ಅಲ್ಲಿ, ಸಂಸಾರ ನಡುವೆ ಫೋನಿನಲ್ಲಿ. ಪುಟ್ಟಿಯ ಲೆಕ್ಕದಲ್ಲಿ ಅಪ್ಪ ಅಂದರೆ ಅಂಗೈ ಅಗಲದ ಒಬ್ಬ ಮನುಷ್ಯ, ಸಂಜೆ ಆರಕ್ಕೆ ಬೆಳಗುತ್ತಾನೆ, ಆಗಾಗ ಬಾಯಿ ತೆರೆದುಕೊಂಡು ಅಲ್ಲಾಡದೆ ನಿಂತುಬಿಡುತ್ತಾನೆ. ಎರಡು ತಿಂಗಳ ಹಿಂದೆ ಗುಮಾಸ್ತ ರಜೆ ಹಾಕಿ ಖುದ್ದಾಗಿ ಹೋದಾಗ, ಬಾಗಿಲಲ್ಲಿ ನಿಂತ ಐದೂವರೆ ಅಡಿಯ ಆಸಾಮಿಯನ್ನು ನೋಡಿ ಅವಳು ಕಿಟಾರನೆ ಕಿರುಚಿ ಅಮ್ಮನ ಹಿಂದೆ ಅವಿತಳು. ಆಮೇಲೆ ಫೋನು ತಂದು, "ಅಮ್ಮ, ಅಪ್ಪಂಗೆ ಫೋನ್ ಮಾಡು, ಮನೇಗೆ ಯಾರೋ ಬಂದಿದಾರೆ ಅಂತ ಹೇಳ್ಬೇಕು," ಅಂದಳು. ಗುಮಾಸ್ತ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಅಲ್ಲಿಂದ ಫೋನು ಮಾಡಬೇಕಾಯಿತು. ಒಳಗೆ ಮಗಳು ಪರದೆಗೆ ಮುತ್ತು ಕೊಡುತ್ತಿದ್ದಳು. ಕಿಟಕಿಯ ಸರಳುಗಳ ಸಂದಿಯಿಂದ ಅವನು ಅದನ್ನು ನೋಡಿದ. ಅವತ್ತು ಅವನಿಗೆ ಅಳು ಬಂದಿತ್ತು, ನೆಟ್‌ವರ್ಕ್ ಚೆನ್ನಾಗಿದ್ದದ್ದರಿಂದ ಅಳಲಿಲ್ಲ.

ವಾಪಸು ಬಂದವನೇ ಹೆಂಡತಿಯ ಊರಿಗೆ ವರ್ಗ ಮಾಡಿಸಿ ಎಂದು ಅರ್ಜಿ ಹಾಕಿದ. ಮುಖ್ಯ ಅಭಿಪ್ರಾಯಾಧಿಕಾರಿ ಮೇಡಂ ಒಳ್ಳೆಯ ಹೆಂಗಸು. ಅರ್ಜಿ ಓದಿ ಕಣ್ಣೊರೆಸಿಕೊಂಡು, "ಮಾಡ್ಕೊಡೋಣಂತೆ. ವಾರ್ಡು ನೂರಕ್ಕೆ ನೂರು ಆದ ದಿನವೇ ಆರ್ಡರು," ಅಂದಿದ್ದರು. ಇನ್ನೂ ಯಾವ ವಾರ್ಡೂ ನೂರು ಮುಟ್ಟಿರಲಿಲ್ಲ, ಮೊದಲು ಮುಟ್ಟಿಸಿದ ಅಧಿಕಾರಿಗೆ ರಾಜ್ಯಮಟ್ಟದ ಫಲಕವಿತ್ತು. ಈಗ ನೋಡಿದರೆ ಇಬ್ಬರ ಪುಣ್ಯವೂ ಒಬ್ಬಳು ಹೆಂಗಸಿನ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿತ್ತು.

"ಯಾರ್ರೀ ಅದು?" ಮೇಡಂ ಕೇಳಿದರು.

"ಬೀಗದಕ್ಕ ಮೇಡಂ. ಹಳೇ ಕಾಂಪ್ಲೆಕ್ಸ್ ಮೆಟ್ಟಿಲ ಕೆಳಗೆ ಕೀ ಮಾಡ್ಕೊಡ್ತಾರಲ್ಲ, ಅವರು."

"ಫೋನಿಲ್ವಾ ಅವರ ಹತ್ರ?"

"ಇದೆ ಮೇಡಂ. ಅದೇ ಕಷ್ಟ."

ಬೀಗದಕ್ಕನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ತ್ರಿಕೋನ. ಅದರಲ್ಲಿ ಒಂದು ಹಿಡಿಕೆ ಯಂತ್ರ, ಹದಿನಾರು ಬಗೆಯ ಅರ, ಗೋಡೆಯ ತುಂಬ ಮೊಳೆ, ಮೊಳೆಗಳ ತುಂಬ ಕೀಲಿಕೈ. ರಜೆಯಿಂದ ವಾಪಸು ಬಂದ ವಾರವೇ ಗುಮಾಸ್ತ ಮಾತಿಗೊಂದು ನೆಪವಿರಲಿ ಎಂದು ಹೆಂಡತಿಯ ಮನೆಯ ಕೀಲಿಕೈ ಕೊಟ್ಟು ನಕಲು ಮಾಡಿಸಿದ್ದ. ಆ ಮನೆಗಿದ್ದದ್ದು ಎರಡೇ. ಒಂದು ಹೆಂಡತಿಯದು, ಇನ್ನೊಂದು ಪುಟ್ಟಿಯನ್ನು ನೋಡಿಕೊಳ್ಳುವ ಪಕ್ಕದ ಮನೆಯಾಕೆಯದು. ಗಂಡ ಬಂದರೆ, ಹೆಂಡತಿ ಡ್ಯೂಟಿ ಮುಗಿಸಿ ಬರುವ ತನಕ ಹೊಸಲಿನ ಮೇಲೆ. ರಜೆಯಲ್ಲಿ ಹೋದಾಗ ಪಕ್ಕದಾಕೆಯ ಕೀಲಿಕೈಯನ್ನು ಇಸಿದುಕೊಂಡು ಬಂದು, ನಕಲು ಮಾಡಿಸಿ, ಮೂಲವನ್ನು ಕೊರಿಯರಿನಲ್ಲಿ ಹಿಂದಿರುಗಿಸಿದ್ದ. ನಕಲು ಇಲ್ಲೇ ಮೊಳೆಗೆ ನೇತಾಡುತ್ತಿತ್ತು. "ವರ್ಗ ಆದ ದಿನ ತಗೋತೀನಕ್ಕ," ಅಂದಿದ್ದ.

ಆಗಲೇ ಅವಳನ್ನು ಕೇಳಿಯೂ ಇದ್ದ. "ಅಕ್ಕ, ಈ ಫೋನಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

"ಫೋನಾ? ಬರುತ್ತೆ. ಎತ್ತುತೀನಿ, ಮಾತಾಡ್ತೀನಿ, ಇಡ್ತೀನಿ."

"ಅದಲ್ಲ ಅಕ್ಕ. ಏನನ್ಸುತ್ತೆ?"

ಬೀಗದಕ್ಕ ಅರ ನಿಲ್ಲಿಸಿ, ಪ್ರಾಮಾಣಿಕವಾಗಿ ಒಂದು ನಿಮಿಷ ಯೋಚಿಸಿದಳು. "ಏನೂ ಅನ್ಸಲ್ಲಪ್ಪ," ಅಂದಳು.

ಅವತ್ತೇ ಏಳು ಒತ್ತಿಬಿಡಬಹುದಿತ್ತು. ಆದರೆ ಬೀಗದಕ್ಕ ಕನ್ನಡಕ ಏರಿಸಿಕೊಂಡು, "ಎಲ್ಲಿ ಒತ್ತಿದೆ ತೋರ್ಸು. ನಾನು ಹೇಳದೇ ಇರೋದು ನನ್ನ ಹೆಸರಲ್ಲಿ ಬೇಡ," ಅಂದಳು. ಹತ್ತು ಜನ ತಮ್ಮ ಮನೆಯ ಕೀಲಿಕೈಯನ್ನು ನಂಬಿ ಬಿಟ್ಟುಹೋಗುವ ಜಾಗದಲ್ಲಿ ಕೂತವಳಿಗೆ ಆ ಅಭ್ಯಾಸ. ನಾಲ್ಕು ಸಾವಿರ ಜನರಲ್ಲಿ ಪರದೆಯನ್ನು ತಿರುಗಿಸಿ ನೋಡಿದವಳು ಅವಳೊಬ್ಬಳೇ.

ಸೋಮವಾರ ಮಧ್ಯಾಹ್ನವೇ ಅವಳ ಹೇಳಿಕೆಯನ್ನು ಕಾನೂನು ಕೋಶಕ್ಕೆ ಕಳಿಸಲಾಯಿತು. ಕೋಶದ ಉತ್ತರ ಮೂರು ದಿನದಲ್ಲಿ ಬಂತು: 'ಬರುತ್ತೆ, ಎತ್ತುತೀನಿ, ಮಾತಾಡ್ತೀನಿ, ಇಡ್ತೀನಿ ಎಂಬುದು ಸತ್ಯಾಂಶವಾಗಿರುತ್ತದೆ. ಸತ್ಯಾಂಶಗಳನ್ನು ಸ್ವೀಕರಿಸಲು ಈ ಇಲಾಖೆಗೆ ಅವಕಾಶವಿರುವುದಿಲ್ಲ.'

ಆದ್ದರಿಂದ ಬೀಗದಕ್ಕನಿಗಾಗಿ ಮೂರು ದಿನದ ಅಭಿಪ್ರಾಯ ಪ್ರೇರಣಾ ಶಿಬಿರ ಏರ್ಪಾಡಾಯಿತು. ಶಿಬಿರಾರ್ಥಿ ಒಬ್ಬಳು, ಸಂಪನ್ಮೂಲ ವ್ಯಕ್ತಿಗಳು ಹನ್ನೊಂದು. ಮೊದಲ ದಿನ ಅವಳಿಗೆ ಎರಡು ಫೋನು ತೋರಿಸಿ ಯಾವುದು ಮೇಲು ಅಂದರು. "ಇದು ಕಪ್ಪು, ಅದು ಬಿಳಿ," ಅಂದಳು. ಎರಡನೇ ದಿನ ಹನ್ನೊಂದು ಜನರೂ ತಮ್ಮ ತಮ್ಮಲ್ಲೇ ಜಗಳಕ್ಕೆ ಬಿದ್ದರು, ಮಕ್ಕಳ ಕೈಗೆ ಫೋನು ಎಷ್ಟನೇ ವಯಸ್ಸಿಗೆ ಕೊಡಬೇಕು ಎಂಬ ವಿಷಯಕ್ಕೆ. ಒಬ್ಬರು ಇನ್ನೊಬ್ಬರ ಕೊರಳಪಟ್ಟಿಗೂ ಕೈ ಹಾಕಿದರು. ಆ ಹೊತ್ತಿನಲ್ಲಿ ಬೀಗದಕ್ಕ ಸಭಾಂಗಣದ ಬೀರುವಿನ ಬೀಗ ಆರು ವರ್ಷದಿಂದ ಕೆಟ್ಟಿರುವುದನ್ನು ಗಮನಿಸಿ, ತಲೆಪಿನ್ನಿನಿಂದ ಅದನ್ನು ತೆಗೆದುಕೊಟ್ಟಳು. ಒಳಗೆ ಹಿಂದೆಂದೋ ನಡೆದ ಬೇರೊಂದು ಶಿಬಿರದವರಿಗೆ ಕೊಡಬೇಕಾಗಿದ್ದ ಪ್ರಮಾಣಪತ್ರಗಳು ಸಿಕ್ಕಿದವು. ಮೂರನೇ ದಿನ ಪರೀಕ್ಷೆ.

"ಹದಿನಾಲ್ಕೂ ಓದಿದ್ರಲ್ಲಮ್ಮ, ಏನನ್ಸುತ್ತೆ?"

"ಎಲ್ಲಾ ಸರಿಯಾಗೇ ಇದೆಯಲ್ಲ."

ಎಲ್ಲವೂ ಸರಿಯಿದೆ ಎನ್ನುವುದು ಅನುಮೋದನೆಯಾಗುತ್ತದೆ. ಅಭಿಪ್ರಾಯಗಳನ್ನು ಅನುಮೋದಿಸುವ ಅಧಿಕಾರ ಇರುವುದು ನಿರ್ದೇಶಕರಿಗೆ ಮಾತ್ರ. ನಿರ್ದೇಶಕರ ಅಧಿಕಾರವನ್ನು ಅನಧಿಕೃತವಾಗಿ ಚಲಾಯಿಸಿದ್ದಕ್ಕೆ ಬೀಗದಕ್ಕನಿಗೆ ನೋಟಿಸು ಕೊಟ್ಟು, ಶಿಬಿರದಲ್ಲಿ ಉತ್ತಮವಾಗಿ ಪಾಲ್ಗೊಂಡದ್ದಕ್ಕೆ ಪ್ರಮಾಣಪತ್ರವನ್ನೂ ಕೊಟ್ಟು ಕಳಿಸಿದರು. ಎರಡನ್ನೂ ಅವಳು ಅಂಗಡಿಯ ಗೋಡೆಗೆ ಒಂದೇ ಮೊಳೆಗೆ ಸಿಕ್ಕಿಸಿದಳು.

ಇದು ಕಾಯಿಲೆ ಇರಬಹುದೇ ಎಂಬ ಸಂಶಯ ಮೇಡಂಗೆ ಬಂದಿತು. ಸರ್ಕಾರಿ ವೈದ್ಯರ ಮುಂದೆ ಕೂರಿಸಿದರು. ವೈದ್ಯರು ಗಾಜು ಒಡೆದ ಫೋನೊಂದನ್ನು ಹಿಡಿದು, "ನೋಡಿದ ತಕ್ಷಣ ಮನಸ್ಸಿಗೆ ಏನು ಬರುತ್ತೆ?" ಅಂದರು.

"ಗಾಜು ಒಡೆದಿದೆ."

"ಅಷ್ಟೇನಾ? ಈಗಿನ ಕಂಪನಿಗಳ ಬಗ್ಗೆ ಸಿಟ್ಟು ಬರಲ್ವಾ? ಬೇಕೂಂತಲೇ ಬೇಗ ಒಡೆಯೋ ಹಾಗೆ ಮಾಡ್ತಾರೆ ಅಂತ?"

"ಬೀಳಿಸಿದ್ರಾ ಸಾರ್?"

"ಬೀಳಿಸಿದೆ."

"ಮತ್ತೆ."

ವೈದ್ಯರು ಕಂಪನಿಗಳ ಬಗ್ಗೆ, ಚಾರ್ಜರ್ ತೂತು ಪ್ರತಿ ವರ್ಷ ಬದಲಾಗುವುದರ ಬಗ್ಗೆ, ರೋಗಿಗಳು ತಮ್ಮ ರೋಗವನ್ನು ಮೊದಲೇ ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದು ವೈದ್ಯರನ್ನೇ ಪರೀಕ್ಷೆ ಮಾಡುವುದರ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಬೀಗದಕ್ಕ ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡಳು. ಕೊನೆಗೆ ವೈದ್ಯರು ಕುರ್ಚಿಗೆ ಒರಗಿ, "ಎಷ್ಟು ಹಗುರ ಆಯ್ತು," ಎಂದು ನಿಟ್ಟುಸಿರುಬಿಟ್ಟು, ವರದಿ ಬರೆದರು: 'ದೃಷ್ಟಿ ಸ್ವಚ್ಛವಾಗಿದೆ. ಶ್ರವಣ ಉತ್ತಮ. ಅಭಿಪ್ರಾಯ ಪತ್ತೆಯಾಗಿಲ್ಲ.' ವೈದ್ಯರ ರಕ್ತದೊತ್ತಡ ಅಂದು ಇಳಿದಿತ್ತು. ಮರುದಿನದಿಂದ ಅವರು ಊಟದ ಬಿಡುವಿನಲ್ಲಿ ಒಂದಿಲ್ಲೊಂದು ಕೀಲಿಕೈ ಮಾಡಿಸುವ ನೆಪದಿಂದ ಮೆಟ್ಟಿಲ ಕೆಳಗೆ ಬಂದು ಕೂರತೊಡಗಿದರು. ಅವರ ಮನೆಯ ಮುಂಬಾಗಿಲಿಗೆ ಈಗ ಇಪ್ಪತ್ತೆರಡು ಕೀಲಿಕೈಗಳಿವೆ.

ಗುಮಾಸ್ತ ಸೋತು ಸುಣ್ಣವಾದ. ಮರುವಾರದ ಶನಿವಾರ ಸಂಜೆ ಆರಕ್ಕೆ ಅವನು ಬೀಗದಕ್ಕನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತ. ಟ್ಯಾಬ್ಲೆಟ್ಟನ್ನು ಚೀಲದಿಂದ ತೆಗೆಯಲಿಲ್ಲ. ಅವಳು ಕೀಲಿಕೈಯೊಂದಕ್ಕೆ ಅರ ಉಜ್ಜುತ್ತಿದ್ದಳು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು, ಪರದೆಯ ತುಂಬ ಪುಟ್ಟಿ.

"ಅಪ್ಪ, ಚಾರ್ಜ್ ಎಷ್ಟಿದೆ?"

ಬೇರೆ ಮಕ್ಕಳು ಊಟ ಆಯ್ತಾ ಎಂದು ಕೇಳುವ ಜಾಗದಲ್ಲಿ ಅವಳು ಇದನ್ನು ಕೇಳುತ್ತಿದ್ದಳು.

"ಹತ್ತಿದೆ ಕಂದ."

"ಅಯ್ಯೋ, ಹತ್ತೇನಾ! ಸತ್ತೋಗ್ತೀಯ! ಹೋಗು, ಬೇಗ ಹೋಗಿ ಹಾಕ್ಕೋ!" ಗಾಬರಿಯಿಂದ ಅವಳೇ ಫೋನು ಇಟ್ಟುಬಿಟ್ಟಳು.

ಬೀಗದಕ್ಕ ಕನ್ನಡಕ ಹಣೆಗೇರಿಸಿದಳು. "ಮಗಳಾ?"

ಗುಮಾಸ್ತ ಹೇಳಿದ. ಹಿತ್ತಲು, ಬಟ್ಟೆ ಒಗೆಯುವ ಕಲ್ಲು, ಕಿಟಕಿಯ ಸರಳು, ಒಂದನ್ನೂ ಬಿಡಲಿಲ್ಲ. ಬೀಗದಕ್ಕ ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಕೀಲಿಕೈಯನ್ನು ಉಜ್ಜಿ ಉಜ್ಜಿ ಹಲ್ಲೇ ಇಲ್ಲದಂತೆ ಸವೆಸಿಬಿಟ್ಟಳು. ಅವಳ ಕೆಲಸದಲ್ಲಿ ಹಾಗಾದದ್ದು ಅದೇ ಮೊದಲು.

"ಅಲ್ಲಪ್ಪ," ಅಂದಳು ಕೊನೆಗೆ, "ಮಗುಗೆ ಫೋನು ಸಾಲದು."

ಗುಮಾಸ್ತ ಸ್ಟೂಲಿನಿಂದ ಎದ್ದ ರಭಸಕ್ಕೆ ತಲೆ ಮೆಟ್ಟಿಲಿಗೆ ಬಡಿಯಿತು. "ಅಕ್ಕ! ಇನ್ನೊಂದ್ಸಲ ಹೇಳಿ!"

"ಏನ್ ಹೇಳ್ಲಿ? ಫೋನು ಸಾಲದು ಅಂದೆ."

"ಯಾಕೆ ಸಾಲದು?"

"ಸಾಲದು ಅಂದ್ರೆ ಸಾಲದು. ಅದಕ್ಕೇನು ಕಾರಣ?"

ಅವನು ಪಕ್ಕದ ಟೈಲರನ್ನು ಸಾಕ್ಷಿಗೆ ಎಳೆದು ತಂದ. ಟ್ಯಾಬ್ಲೆಟ್ ತಿರುಗಿಸಿ ಅವಳಿಗೆ ತೋರಿಸಿದ. ಅವಳು ಎರಡು ಸಲ ಓದಿ, "ಹೂಂ, ಇದು ನಾನೇ ಹೇಳಿದ್ದು," ಎಂದು ಹೆಬ್ಬೆಟ್ಟು ಒತ್ತಿದಳು.

ಇಲಾಖೆಯಲ್ಲಿ ಸಂಚಲನವಾಯಿತು. ಹದಿನಾಲ್ಕರಲ್ಲಿ ಇದು ಯಾವುದಕ್ಕೂ ಸೇರುತ್ತಿರಲಿಲ್ಲ. ಕಾನೂನು ಕೋಶ ಈ ಬಾರಿ ಒಂದೇ ದಿನದಲ್ಲಿ ಉತ್ತರಿಸಿತು: 'ಎಷ್ಟು ಸಾಲದು ಎಂಬುದನ್ನು ಅಳೆಯಲು ಬರುವುದಿಲ್ಲ, ಕಾರಣವನ್ನೂ ಕೊಟ್ಟಿರುವುದಿಲ್ಲ. ಆದ್ದರಿಂದ ಇದು ನಿಸ್ಸಂಶಯವಾಗಿ ಅಭಿಪ್ರಾಯ.' ರಾಜಪತ್ರದಲ್ಲಿ ಹದಿನೈದನೇ ಅಭಿಪ್ರಾಯ ಪ್ರಕಟವಾಯಿತು. ಹನ್ನೊಂದನೇ ವಾರ್ಡು ನೂರಕ್ಕೆ ನೂರು! ಕಚೇರಿಯ ಫ್ಯಾನಿಗೆ ಬಲೂನು ಕಟ್ಟಿದರು, ಯಾರೋ ಮರೆತು ಫ್ಯಾನು ಹಾಕಿದರು, ಬಲೂನುಗಳು ಒಂದೊಂದಾಗಿ ಢಮಾರೆಂದವು, ಪ್ರತಿ ಶಬ್ದಕ್ಕೂ ಸಿಬ್ಬಂದಿ ಚಪ್ಪಾಳೆ ತಟ್ಟಿದರು. ಮೇಡಂ ಫಲಕವನ್ನು ಎದೆಗವುಚಿಕೊಂಡೇ ಗುಮಾಸ್ತನ ಕೈಗೆ ಆದೇಶ ಕೊಟ್ಟರು. ಅವನಿಗೆ ಖುಷಿಯಿಂದ ಅಕ್ಷರಗಳೇ ಕಾಣಲಿಲ್ಲ. ಟೀ ಕುಡಿದು, ಮುಖ ತೊಳೆದು ಬಂದು ಓದಿದ.

'ಸದರಿ ನೌಕರರನ್ನು ಅವರ ಕೋರಿಕೆಯ ಮೇರೆಗೆ ಪತ್ನಿಯವರ ಊರಿನ ಕಚೇರಿಗೆ ಫೋನ್ ಮೂಲಕ ವರ್ಗಾಯಿಸಲಾಗಿದೆ. ಅವರ ದೇಹವು ಮುಂದಿನ ಆದೇಶದವರೆಗೆ ಹಾಲಿ ಸ್ಥಳದಲ್ಲಿಯೇ ಮುಂದುವರಿಯತಕ್ಕದ್ದು.'

"ಮೇಡಂ, ಇದೇನಿದು?"

"ಕೂತಲ್ಲೇ ವರ್ಗಾವಣೆ ಕಣ್ರೀ. ಹೊಸ ನೀತಿ. ನೂರಕ್ಕೆ ನೂರು ನೋಂದಣಿಯಾದ ಮೊದಲ ವಾರ್ಡಿನ ಬಹುಮತದ ಅಭಿಪ್ರಾಯ ಇಲಾಖೆಯ ನೀತಿ ಆಗ್ಬೇಕು ಅಂತ ನಿಯಮ ಇದೆಯಲ್ಲ." ಅವರು ಪಟ್ಟಿ ಮುಂದೆ ಸರಿಸಿದರು. "ನೋಡಿ, ಎರಡು ಸಾವಿರದ ಒಂಬೈನೂರ ನಾಲ್ಕು ಜನ. ಏಳನೇ ನಂಬರು. ಈಗೆಲ್ಲ ಕೂತಲ್ಲೇ ಆಗುತ್ತೆ, ಎಲ್ಲಿಗೂ ಹೋಗಬೇಕಾಗಿಲ್ಲ."

ಗುಮಾಸ್ತ ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ. ಅದು ಒಂದು ಸಾಮಾನ್ಯ ಹೆಬ್ಬೆರಳು. ಏಳು ಒತ್ತಿದ್ದು ನಾನು ಎಂದು ಒಪ್ಪಿಕೊಂಡರೆ ನೋಂದಣಿ ರದ್ದಾಗುತ್ತದೆ, ವಾರ್ಡು ನೂರಾಗುವುದಿಲ್ಲ, ನೂರಾಗದಿದ್ದರೆ ವರ್ಗವೇ ಇಲ್ಲ. ಒಪ್ಪಿಕೊಳ್ಳದಿದ್ದರೆ ವರ್ಗವಿದೆ, ಹೋಗುವ ಹಾಗಿಲ್ಲ.

"ಸಾಲದು ಅಂತಲೂ ಒಬ್ಬರು ಹೇಳಿದಾರಲ್ಲ ಮೇಡಂ," ಅಂದ ಕ್ಷೀಣವಾಗಿ.

"ಒಬ್ಬರು. ಶೇಕಡಾವಾರು ಬರೆಯೋವಾಗ ಅದು ದಶಮಾಂಶದಲ್ಲಿ ಬಿದ್ದುಹೋಯ್ತು ಪಾಪ."

ಬೀಳ್ಕೊಡುಗೆ ಸಮಾರಂಭ ಸೊಗಸಾಗಿ ನಡೆಯಿತು. ವೇದಿಕೆಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಇಲಾಖೆ ಮಂಜೂರು ಮಾಡಿದ ಹೊಸ ಫೋನು, ಫೋನಿಗೆ ಹಾರ. ಗುಮಾಸ್ತ ಕೊನೆಯ ಸಾಲಿನಲ್ಲಿ ಕೂತು, ಮುಂದಿನ ಪರದೆಯಲ್ಲಿ ತನ್ನದೇ ಮುಖ ಹಾರದೊಳಗಿಂದ ಇಣುಕುವುದನ್ನು ನೋಡುತ್ತಾ ಚಪ್ಪಾಳೆ ತಟ್ಟಿದ. "ಇಂಥ ಸಹೋದ್ಯೋಗಿ ಮತ್ತೆ ಸಿಗೋದಿಲ್ಲ," ಎಂದು ಮೇಡಂ ಗದ್ಗದಿತರಾದರು. ಪಕ್ಕದಲ್ಲಿ ಕೂತಿದ್ದ ಟೈಪಿಸ್ಟು ಅವನ ಭುಜ ತಟ್ಟಿ, "ಅಲ್ಲಿಗೆ ಹೋದ್ಮೇಲೆ ನಮ್ಮನ್ನೆಲ್ಲ ಮರೀಬೇಡಿ," ಅಂದಳು. ಇಲ್ಲ, ಮರೆಯುವುದಿಲ್ಲ ಎಂದು ಅವನು ಮಾತು ಕೊಟ್ಟ. ಫೋನನ್ನು ಹತ್ತಿ ಸುತ್ತಿ ಪಾರ್ಸೆಲ್ಲಿನಲ್ಲಿ ಕಳಿಸಿದರು. ಪ್ರಯಾಣದ ಆಯಾಸಕ್ಕೆಂದು ಅದಕ್ಕೆ ಒಂದು ದಿನದ ವಿಶ್ರಾಂತಿ ರಜೆಯೂ ದೊರೆಯಿತು.

ಮಾರನೇ ದಿನ ಗುಮಾಸ್ತ ಎಂದಿನಂತೆ ಕಚೇರಿಗೆ ಬಂದಾಗ ಕಾವಲುಗಾರ ತಡೆದ. ವರ್ಗವಾದ ನೌಕರರ ದೇಹ ಒಳಗೆ ಹೋಗಬೇಕಾದರೆ ಸಂದರ್ಶಕರ ಚೀಟಿ ಬೇಕಂತೆ. ಅಂದಿನಿಂದ ಪ್ರತಿದಿನ ಅವನು ಚೀಟಿ ಬರೆಸುತ್ತಾನೆ. ಯಾರನ್ನು ನೋಡಬೇಕು ಎಂಬಲ್ಲಿ 'ಕುರ್ಚಿ' ಎಂದು ತುಂಬುತ್ತಾನೆ. ಅದೇ ಕುರ್ಚಿಯಲ್ಲಿ ಕೂತು, ಅದೇ ಕೆಲಸವನ್ನು, ಒಂಬತ್ತು ಗಂಟೆ ದೂರದ ಇನ್ನೊಂದು ಮೇಜಿನ ಮೇಲೆ ನಿಂತಿರುವ ಫೋನಿನ ಮೂಲಕ ಮಾಡುತ್ತಾನೆ.

ಅಲ್ಲಿ ಸಂಜೆ ಹೆಂಡತಿ ಆಸ್ಪತ್ರೆಯಿಂದ ಬರುವಾಗ ಕಚೇರಿಗೆ ಹೋಗಿ ಗಂಡನನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಾಳೆ. ಪುಟ್ಟಿಗೆ ಹಿಡಿಸಲಾರದಷ್ಟು ಸಂತೋಷ. "ಅಪ್ಪ ಆಫೀಸಿಂದ ಬಂದ್ರು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ಭಾನುವಾರ ಮಧ್ಯಾಹ್ನ ಅಪ್ಪನನ್ನು ತನ್ನ ಪಕ್ಕ ಮಲಗಿಸಿ, ಚಾರ್ಜಿಗೆ ಹಾಕಿ, ಮೇಲೆ ಹೊದಿಕೆ ಹೊದಿಸಿ, ತಟ್ಟಿ ನಿದ್ದೆ ಮಾಡಿಸುತ್ತಾಳೆ. ಇಲ್ಲಿ ಬಾಡಿಗೆ ಕೋಣೆಯಲ್ಲಿ ಗುಮಾಸ್ತನಿಗೆ ಪರದೆಯ ತುಂಬ ಹೊದಿಕೆಯ ನೀಲಿ ಬಣ್ಣ ಮಾತ್ರ ಕಾಣಿಸುತ್ತದೆ, ಮಗಳ ಉಸಿರು ಕೇಳಿಸುತ್ತದೆ. ಅವನು ಫೋನು ಇಡುವುದಿಲ್ಲ. ಅವಳು ಏಳುವ ತನಕ ಹಾಗೇ ಆ ನೀಲಿಯನ್ನು ನೋಡುತ್ತಾ ಕೂತಿರುತ್ತಾನೆ.

"ರೀ, ಬೇಜಾರು ಮಾಡ್ಕೋಬೇಡಿ," ಅಂದಳು ಹೆಂಡತಿ ಒಂದು ದಿನ, "ನೀವು ಬಂದ್ಮೇಲೆ ಮನೆಕೆಲಸ ಒಂಚೂರು ಜಾಸ್ತಿಯಾಗಿದೆ." ಹೇಳಿ ತಾನೇ ನಕ್ಕಳು. ನಗು ನಿಂತ ಮೇಲೆ ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು. "ಒಂದು ವಾರ ರಜೆ ಹಾಕಿ ಬನ್ರೀ," ಅಂದಳು ಮೆಲ್ಲಗೆ. "ನೀವೇ ಬನ್ನಿ."

ರಜೆಯ ಅರ್ಜಿ ಮೂರನೇ ದಿನ ತಿರಸ್ಕೃತವಾಗಿ ಬಂತು. ಮೇಡಂ ಕರೆದು ಪ್ರೀತಿಯಿಂದಲೇ ತಿಳಿಹೇಳಿದರು: "ಹೆಂಡತಿ ಊರಿಗೆ ಹೋಗ್ಬೇಕು ಅಂತ ಬರ್ದಿದೀರ. ಅಲ್ಲೇ ಇರೋರಿಗೆ ಅಲ್ಲಿಗೆ ಹೋಗೋಕೆ ರಜೆ ಹೇಗೆ ಕೊಡೋಕಾಗುತ್ತೆ ಹೇಳಿ?" ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಗುಮಾಸ್ತ ಬಹಳ ಹೊತ್ತು ಪ್ರಯತ್ನಿಸಿದ. ಸಿಗಲಿಲ್ಲ.

ಹಾಗಾದರೆ ತನ್ನ ಅಭಿಪ್ರಾಯವನ್ನಾದರೂ ನಾಲ್ಕರಿಂದ ಹದಿನೈದಕ್ಕೆ ಬದಲಾಯಿಸಿಕೊಳ್ಳುತ್ತೇನೆ ಎಂದು ಅರ್ಜಿ ಬರೆದ. ಬದಲಾವಣೆಗೆ ನೌಕರರು ತಮ್ಮ ಕೆಲಸದ ಸ್ಥಳದಲ್ಲಿ ಖುದ್ದಾಗಿ ಹೆಬ್ಬೆಟ್ಟು ಒತ್ತಬೇಕು. ಅಲ್ಲಿಯ ಕಚೇರಿಯಿಂದ ವರದಿ ತರಿಸಿದರು. 'ಸದರಿ ನೌಕರರು ಇಲ್ಲಿ ಪ್ರತಿದಿನ ಸಮಯಕ್ಕೆ ಸರಿಯಾಗಿ ಹಾಜರಿರುತ್ತಾರೆ. ನಡತೆ ತೃಪ್ತಿಕರ. ಆದರೆ ಹೆಬ್ಬೆಟ್ಟು ಕಂಡುಬಂದಿರುವುದಿಲ್ಲ.'

ಈಗ ಇಲಾಖೆಯಲ್ಲಿ ಮುನ್ನೂರ ಹದಿನೇಳು ಜನ ಕೂತಲ್ಲೇ ವರ್ಗವಾಗಿದ್ದಾರೆ. ಯಾರೂ ಎಲ್ಲಿಗೂ ಹೋಗಿಲ್ಲ, ಎಲ್ಲರೂ ಬಯಸಿದ ಊರಿನಲ್ಲಿದ್ದಾರೆ. ವಾರ್ಷಿಕ ವರದಿಯಲ್ಲಿ ಗುಮಾಸ್ತನ ಸಂಸಾರದ ಫೋಟೋ ಅಚ್ಚಾಗಿದೆ: ನರ್ಸಿನ ಉಡುಪಿನಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಪುಟ್ಟಿ, ಪುಟ್ಟಿಯ ಕೈಯಲ್ಲಿ ಅವನು. ಕೆಳಗೆ 'ಮತ್ತೆ ಒಂದಾದ ಕುಟುಂಬ' ಎಂದಿದೆ. ನೋಡಿದವರೆಲ್ಲ ಚೆನ್ನಾಗಿ ಬಂದಿದೆ ಅಂದರು, ಅವನೂ ಒಂದು ಪ್ರತಿ ಇಸಿದುಕೊಂಡ.

ಮೊನ್ನೆ ಸಂಜೆ ಆರಾಗುವ ಮುಂಚೆ ಅವನು ಹಳೇ ಕಾಂಪ್ಲೆಕ್ಸಿನ ಮುಂದೆ ಹಾದುಹೋಗುತ್ತಿದ್ದಾಗ ಬೀಗದಕ್ಕ ಕೂಗಿ ಕರೆದಳು. ಮೊಳೆಯಿಂದ ಕೀಲಿಕೈ ತೆಗೆದು ಹಿಡಿದಳು.

"ವರ್ಗ ಆಯ್ತಂತೆ? ಇದನ್ನ ತಗೊಂಡ್ಹೋಗಲ್ವೇನಪ್ಪ?"

"ನಾನು ಅಲ್ಲೇ ಇದೀನಲ್ಲಕ್ಕ," ಅಂದ ಗುಮಾಸ್ತ. ತಮಾಷೆಗೆ ಹೇಳಲಿಲ್ಲ. ಆರಕ್ಕೆ ಮನೆಗೆ ಬರಬೇಕಾಗಿತ್ತು, ಪುಟ್ಟಿ ಕಾಯುತ್ತಿರುತ್ತಾಳೆ, ಅವನಿಗೆ ಅವಸರವಿತ್ತು.

ಬೀಗದಕ್ಕ ಅವನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು. ಈ ಬಗ್ಗೆ ಅವಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಲಿಲ್ಲ. ಡಬ್ಬಿಯಿಂದ ಒಂದು ಹನಿ ಎಣ್ಣೆ ತೆಗೆದು, ತುಕ್ಕು ಹಿಡಿಯದ ಹಾಗೆ ಕೀಲಿಕೈಗೆ ಸವರಿ, ಅದನ್ನು ಮತ್ತೆ ಮೊಳೆಗೆ ತಗುಲಿಹಾಕಿದಳು.